‘ಬೇಡ’ ಅನ್ನುವ ಕೆಲಸ

ಜೀವಮಾನದ ಬಹುಪಾಲು ಸರಕಾರ ನನಗೆ ಸಂಬಳ ಕೊಟ್ಟದ್ದು ‘ಬೇಡ’ ಎನ್ನುವುದಕ್ಕಾಗಿ. ಉಪಗ್ರಹ ಕಟ್ಟುವ ದೊಡ್ಡ ಸರಕಾರಿ ಸಂಸ್ಥೆಯೊಂದರ ಗುಣಮಟ್ಟ ವಿಭಾಗದಲ್ಲಿ ನಾನಿದ್ದೆ. ವಿನ್ಯಾಸ ಮಾಡುವವರು ಬೇರೆ, ಜೋಡಿಸುವವರು ಬೇರೆ, ಹಾರಿಸುವವರು ಬೇರೆ. ಅವರೆಲ್ಲರ ಬೆನ್ನ ಹಿಂದೆ ನಿಂತು ‘ಈ ತಿರುಪು ಬೇಡ, ಈ ತಂತಿ ಬೇಡ, ಇವತ್ತು ಬೇಡ’ ಎನ್ನುವವರು ನಾವು. ನಮ್ಮನ್ನು ಕಂಡರೆ ಯಾರಿಗೂ ಪ್ರೀತಿಯಿಲ್ಲ. ಆದರೆ ನಾವು ರಜೆ ಹಾಕಿದ ದಿನ ಉಪಗ್ರಹದ ಪೆಟ್ಟಿಗೆಗೆ ಮುಚ್ಚಳ ಹಾಕುವ ಧೈರ್ಯವೂ ಯಾರಿಗೂ ಇಲ್ಲ.

ನಿವೃತ್ತಿಯಾಗಿ ಪುತ್ತೂರಿಗೆ ಬಂದು ನೆಲೆಸಿದ ಮೇಲೆ, ಇಂಜಿನಿಯರಿಂಗ್ ಓದುವ ಮಕ್ಕಳು ಆಗಾಗ ಮನೆಗೆ ಬರುತ್ತಾರೆ. “ಮೇಡಂ, ಈಗ ಬಾಹ್ಯಾಕಾಶದಲ್ಲಿ ಪ್ರೈವೇಟ್ ಕಂಪೆನಿಗಳು ತುಂಬ ಉಂಟಲ್ಲ, ಸರಕಾರಿಗೆ ಸೇರುದು ಒಳ್ಳೆಯದಾ, ಪ್ರೈವೇಟಿಗಾ?” ಎಂದು ಕೇಳುತ್ತಾರೆ. ನಾನು ಎರಡೂ ಕಡೆಯ ಚಹಾ ಕುಡಿದವಳು. ಸರಕಾರಿ ಚಹಾ ಸರಿಯಾದ ಹೊತ್ತಿಗೆ ಬರುತ್ತದೆ, ತಣ್ಣಗೆ ಬರುತ್ತದೆ. ಖಾಸಗಿಯಲ್ಲಿ ಚಹಾ ಬಿಸಿಬಿಸಿಯೇ, ಮಾಡಿಕೊಳ್ಳಬೇಕಾದವರು ಮಾತ್ರ ನಾವೇ. ಇಷ್ಟು ಹೇಳಿದರೆ ಮಕ್ಕಳಿಗೆ ಸಮಾಧಾನವಾಗುವುದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಸುಳ್ಯದ ಕಡೆಯ ಅರೆಭಾಷೆ ಮಾತಾಡುವ ಮನೆಯಿಂದ ಹೋದವಳು ನಾನು. ಕೆಲಸಕ್ಕೆ ಸೇರಿದ ಮೊದಲ ದಿನ, ನಮ್ಮೂರ ಹೆಣ್ಣುಮಕ್ಕಳು ಒಳ್ಳೆಯ ದಿನಕ್ಕೆ ಹೇಗೆ ಹೊರಡುತ್ತಾರೋ ಹಾಗೆಯೇ ಹೊರಟಿದ್ದೆ: ತಲೆ ತುಂಬ ಊರಿನ ಗಾಣದ ತೆಂಗಿನೆಣ್ಣೆ. ಉಪಗ್ರಹ ಜೋಡಿಸುವ ಕೋಣೆಯಲ್ಲಿ ಧೂಳಿನ ಕಣವೂ ಇರಬಾರದು, ಒಳಗೆ ಹೋಗುವವರು ಬಿಳಿ ನಿಲುವಂಗಿ ತೊಟ್ಟು ತಲೆ ಮುಚ್ಚಿಕೊಳ್ಳಬೇಕು. ನಾನು ಅದನ್ನೆಲ್ಲ ತೊಟ್ಟು ನಿಂತಾಗ ನಮ್ಮ ಮುಖ್ಯಸ್ಥರಾದ ಅನಂತರಾಮಯ್ಯನವರು ಬಾಗಿಲಲ್ಲಿ ತಡೆದು ಮೂಗು ಅರಳಿಸಿದರು.

“ಯಾವ ಎಣ್ಣೆ?”

“ಕೊಬ್ಬರಿ ಎಣ್ಣೆ ಸಾರ್.”

“ಮೇಲೆ ಹೋದ ಮೇಲೆ ಅಲ್ಲಿ ಗಾಳಿಯಿಲ್ಲ. ಒಳಗೆ ಸೇರಿಕೊಂಡ ಎಣ್ಣೆ ಆವಿಯಾಗಿ ಹೋಗಿ ಕ್ಯಾಮೆರಾದ ಗಾಜಿಗೆ ಅಂಟುತ್ತೆ. ಆಮೇಲೆ ನಮ್ಮ ಉಪಗ್ರಹ ಇಡೀ ಭಾರತವನ್ನು ನಿಮ್ಮ ಎಣ್ಣೆಯ ಮೂಲಕವೇ ನೋಡಬೇಕಾಗುತ್ತೆ.”

ಮನೆಗೆ ಕಳುಹಿಸಿಬಿಟ್ಟರು. ಹೊಸ ನೌಕರಿಯ ಮೊದಲ ದಿನ ತಲೆ ತೊಳೆದುಕೊಂಡು ಬರಲು ರಜೆ ಪಡೆದವಳು ಆ ಸಂಸ್ಥೆಯಲ್ಲಿ ನಾನೊಬ್ಬಳೇ ಇರಬೇಕು. ಅಮ್ಮನಿಗೆ ಮಾತ್ರ ಈ ವಿಜ್ಞಾನ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಪ್ರತಿಸಲ ಊರಿಗೆ ಬಂದಾಗಲೂ ನನ್ನ ಕೂದಲು ಮುಟ್ಟಿ ನೋಡಿ, ಮಗಳಿಗೆ ಸರಕಾರ ಒಂದು ಚಮಚ ಎಣ್ಣೆಗೂ ಗತಿಯಿಲ್ಲದಂತೆ ಮಾಡಿದೆ ಎಂದು ಮರುಗುತ್ತಿದ್ದರು.

ಅನಂತರಾಮಯ್ಯನವರ ಬಾಯಿಂದ ‘ಸರಿ’ ಎಂಬ ಮಾತನ್ನು ನಾನು ಕೇಳಿದ್ದೇ ಕಡಿಮೆ. ಅವರ ಅತ್ಯುನ್ನತ ಹೊಗಳಿಕೆ ‘ನೋಡೋಣ’. ಯಾವ ವರದಿ ಒಯ್ದರೂ ಕನ್ನಡಕ ಹಣೆಗೇರಿಸಿ, “ಇದರಲ್ಲಿ ಏನು ಕೆಡಬಹುದು?” ಎಂದು ಕೇಳುತ್ತಿದ್ದರು. ಏನೂ ಕೆಡದು ಎಂದರೆ ಅಂದಿನ ಕೆಲಸ ಕೆಟ್ಟಿತೆಂದೇ ಅರ್ಥ. ಏನು ಕೆಡಬಹುದೆಂದು ಯೋಚಿಸಲು ಒಂದು ಸಮಿತಿ ಕೂರುತ್ತಿತ್ತು, ಆ ಸಮಿತಿ ಸರಿಯಾಗಿ ಯೋಚಿಸಿತೇ ಎಂದು ನೋಡಲು ಇನ್ನೊಂದು.

ಒಮ್ಮೆ ಒಂದು ವಾಷರ್ ಕಾಣೆಯಾಯಿತು. ಉಗುರಿಗಿಂತ ಚಿಕ್ಕ ಲೋಹದ ಬಳೆ. ಬೆಳಿಗ್ಗೆ ತಟ್ಟೆಯಲ್ಲಿ ಇದ್ದದ್ದು ಸಂಜೆ ಇಲ್ಲ. ಉಪಗ್ರಹದ ಒಳಗೆ ಬಿದ್ದಿದ್ದರೆ ಎಲ್ಲಿ ಹೋಗಿ ಯಾವ ತಂತಿಗಳ ನಡುವೆ ಕೂರುತ್ತದೋ ಹೇಳಲಾಗದು. ಕೆಲಸ ಪೂರ್ತಿ ನಿಂತಿತು. ನೆಲದ ಮೇಲೆ ಮಲಗಿ ಟಾರ್ಚು ಬಿಟ್ಟವರು ಡಾಕ್ಟರೇಟ್ ಪಡೆದವರು. ಉಪಗ್ರಹವನ್ನೇ ಬಿಚ್ಚುವ ನಿರ್ಧಾರ ಇನ್ನೇನು ಆಗಬೇಕು, ಅಷ್ಟರಲ್ಲಿ ಹಿರಿಯ ವಿಜ್ಞಾನಿಯೊಬ್ಬರ ಹೆಂಡತಿ ಗೇಟಿನ ಬಳಿ ಬಂದು ನಿಂತರು. ಕೈಯಲ್ಲಿ ಸ್ಟೀಲಿನ ಸಣ್ಣ ಡಬ್ಬಿ. “ಇವರ ಪ್ಯಾಂಟ್ ಒಗೆಯೋಕೆ ಹಾಕುವಾಗ ಕಾಲಿನ ಮಡಿಕೆಯಲ್ಲಿತ್ತು. ರಾತ್ರಿಯೆಲ್ಲ ಕನವರಿಸ್ತಾ ಇದ್ದರು, ಇದೇನಾ ನೋಡಿ” ಎಂದರು. ಅದೇ. ಆ ದಿನದಿಂದ ನಮ್ಮಲ್ಲಿ ಮಡಿಕೆಯಿರುವ ಪ್ಯಾಂಟು ನಿಷೇಧವಾಯಿತು. ಆ ಸುತ್ತೋಲೆಗೆ ಸಹಿ ಹಾಕಬೇಕಾಗಿ ಬಂದವರು ಆ ಹಿರಿಯ ವಿಜ್ಞಾನಿಯೇ.

ನಗಬಹುದು. ನಾವೂ ನಗುತ್ತಿದ್ದೆವು. ಆದರೆ ಮೇಲೆ ಹೋದದ್ದನ್ನು ಕೆಳಗಿಳಿಸಿ ರಿಪೇರಿ ಮಾಡಲು ಬರುವುದಿಲ್ಲ. ಜನರ ದುಡ್ಡಿನಲ್ಲಿ ಮಾಡಿದ್ದು ಕೆಟ್ಟರೆ ಜನರಿಗೆ ಉತ್ತರ ಹೇಳಬೇಕು. ಅದಕ್ಕೇ ಅಷ್ಟು ‘ನೋಡೋಣ’.

ಈ ‘ನೋಡೋಣ’ಗಳಿಂದ ಬಿಡುಗಡೆಯಾಗಿ ಬಂದು ಪುತ್ತೂರಿನಲ್ಲಿ ತೆಂಗಿನೆಣ್ಣೆ ಹಚ್ಚಿಕೊಂಡು ಆರಾಮವಾಗಿದ್ದೆ. ಒಂದು ದಿನ ಇಬ್ಬರು ಬಂದರು. ಶ್ರಾವ್ಯ ಕಡಬದವಳು, ಮೂವತ್ತು ತುಂಬಿರಬಹುದೇನೋ. ಅವಳ ತಂದೆಗೆ ಕಡಬ ಪೇಟೆಯಲ್ಲಿ ಟಿವಿ, ಮಿಕ್ಸಿ ರಿಪೇರಿಯ ಅಂಗಡಿ. ಜೊತೆಗಿದ್ದ ಅಶ್ಫಾಕ್ ಉಪ್ಪಿನಂಗಡಿಯವನು, ಮೆಕ್ಯಾನಿಕಲ್ ಇಂಜಿನಿಯರು. ಇಬ್ಬರೂ ಸೇರಿ ಕಂಪೆನಿ ಮಾಡಿದ್ದಾರಂತೆ. ಏನು ಮಾಡುವ ಕಂಪೆನಿ ಎಂದು ಕೇಳಿದೆ.

“ಉಪಗ್ರಹ” ಎಂದಳು ಶ್ರಾವ್ಯ, ಉಪ್ಪಿನಕಾಯಿ ಎಂದಷ್ಟೇ ಸಲೀಸಾಗಿ.

“ಎಲ್ಲಿ ಮಾಡುದು?”

“ಇಲ್ಲೇ ಅಕ್ಕ, ಪುತ್ತೂರಲ್ಲೇ” ಎಂದ ಅಶ್ಫಾಕ್. “ಮುಚ್ಚಿದ ಬೀಜದ ಕಾರ್ಖಾನೆ ಒಂದುಂಟಲ್ಲ, ಅದರ ಶೆಡ್ಡು ಬಾಡಿಗೆಗೆ ಸಿಕ್ಕಿತು. ಬೆಂಗಳೂರಲ್ಲಿ ಆ ಬಾಡಿಗೆಗೆ ಬಾತ್‌ರೂಮು ಸಹ ಸಿಗುದಿಲ್ಲ.”

ನೋಡಲು ಹೋದೆ. ಗೇರುಬೀಜ ಹುರಿಯುತ್ತಿದ್ದ ಶೆಡ್ಡಿನ ಗೋಡೆಗೆ ಇನ್ನೂ ಆ ಎಣ್ಣೆಯ ವಾಸನೆ. ನಡುವೆ ದಪ್ಪ ಪ್ಲಾಸ್ಟಿಕ್ಕಿನ ಪರದೆ ಇಳಿಬಿಟ್ಟು, ಒಳಗೆ ಗಾಳಿ ಶೋಧಿಸುವ ಯಂತ್ರ ಕೂರಿಸಿ, ಅವರದೇ ಒಂದು ಸ್ವಚ್ಛ ಕೋಣೆ. ಒಳಗೆ ಮೇಜಿನ ಮೇಲೆ ಒಂದು ಪೆಟ್ಟಿಗೆ. ಚಪ್ಪಲಿ ಅಂಗಡಿಯವರು ಶೂ ತುಂಬಿಸಿ ಕೊಡುವ ಡಬ್ಬದಷ್ಟು. ಅದೇ ಉಪಗ್ರಹ. ಮಿಂಚು ಎಲ್ಲೆಲ್ಲಿ ಹೊಡೆಯುತ್ತಿದೆ ಎಂದು ಮೇಲಿನಿಂದ ನೋಡಿ, ಗುಡುಗಿನ ಮೋಡ ಯಾವ ಊರಿನತ್ತ ಸಾಗುತ್ತಿದೆ ಎಂದು ತಿಳಿಯುವ ಕ್ಯಾಮೆರಾ ಅದರಲ್ಲಿತ್ತು. ಇದೊಂದು ಕೆಲಸ ಮಾಡಿತೆಂದರೆ ಮುಂದೆ ಇಂಥದೇ ಇನ್ನಷ್ಟು ಕಳುಹಿಸಬೇಕೆಂದು ಅವರ ಆಸೆ.

“ಮಿಂಚೇ ಯಾಕೆ?” ಎಂದು ಕೇಳಿದೆ.

“ಸಣ್ಣದಿರುವಾಗ ಶಾಲೆ ಬಿಟ್ಟು ಅಪ್ಪನ ಅಂಗಡಿಯಲ್ಲೇ ಕೂತ್ಕೊಳ್ಳುದು ನಾನು. ಸಿಡಿಲು ಬಡಿದ ಮರುದಿನ ಅಂಗಡಿ ಮುಂದೆ ಸುಟ್ಟ ಟಿವಿಗಳ ಕ್ಯೂ. ಟಿವಿಯನ್ನು ಅಪ್ಪ ಸರಿ ಮಾಡ್ತಾರೆ. ಒಮ್ಮೆ ನಮ್ಮ ಪಕ್ಕದ ಮನೆಯವರು, ಅಂಗಳದಲ್ಲಿ ಒಣಗಲು ಹಾಕಿದ್ದ ಬಟ್ಟೆ ತೆಗೀಲಿಕ್ಕೆ ಹೋದವರು ವಾಪಸು ಬರ್ಲಿಲ್ಲ” ಎಂದಳು. ಆಮೇಲೆ ಮಾತು ತಿರುಗಿಸಿ ನಕ್ಕಳು. “ಅಪ್ಪನಿಗೆ ಮಾತ್ರ ತಲೆಬಿಸಿ. ನೀನು ಮೊದಲೇ ಎಲ್ಲರಿಗೂ ಹೇಳಿದ್ರೆ ಪ್ಲಗ್ ತೆಗೀತಾರೆ, ನನ್ನ ಅಂಗಡಿಗೆ ಯಾರು ಬರುದು ಅಂತ ಕೇಳ್ತಾರೆ.”

ನನ್ನಿಂದ ಅವರಿಗೆ ಬೇಕಾದದ್ದು ಹಳೆಯ ಕೆಲಸವೇ. ‘ಬೇಡ’ ಅನ್ನುವವರೊಬ್ಬರು ಬೇಕಿತ್ತು. ಸುಳ್ಯದಲ್ಲಿರುವ ನನ್ನ ಅಕ್ಕ ಫೋನಿನಲ್ಲಿ, “ನಿಂಗೆ ಬೇರೆ ಕೆಲ್ಸ ಇಲ್ಲೆನಾ?” ಎಂದಳು. ನಿಜವಾಗಿಯೂ ಇರಲಿಲ್ಲ. ಒಪ್ಪಿಕೊಂಡೆ.

ಖಾಸಗಿಯವರ ರೀತಿಗೆ ಹೊಂದಿಕೊಳ್ಳಲು ನನಗೆ ಕಷ್ಟವೇ ಆಯಿತು. ನಮ್ಮಲ್ಲಿ ಒಂದು ತಿರುಪು ಬದಲಿಸಬೇಕಾದರೆ ಅರ್ಜಿ ಬರೆದು ಒಪ್ಪಿಗೆ ಬರುವಷ್ಟರಲ್ಲಿ ತಿರುಪು ಮಾಡುವ ಕಂಪೆನಿಯೇ ಮುಚ್ಚಿರುತ್ತಿತ್ತು. ಇಲ್ಲಿ ನಾನು ಈ ತಿರುಪು ಸರಿಯಿಲ್ಲ ಎಂದು ವಾಕ್ಯ ಮುಗಿಸುವಷ್ಟರಲ್ಲಿ ಅಶ್ಫಾಕ್ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿರುತ್ತಿದ್ದ. “ಮಾರಾಯ, ಯಾಕೆ ಸರಿಯಿಲ್ಲ ಅಂತಾದರೂ ಕೇಳು” ಎನ್ನಬೇಕಾಗುತ್ತಿತ್ತು. ವಿಭಾಗಗಳೆಂದೂ ಇರಲಿಲ್ಲ. ಬೆಳಿಗ್ಗೆ ಸಾಫ್ಟ್‌ವೇರ್ ಬರೆದವಳೇ ಮಧ್ಯಾಹ್ನ ಶೆಡ್ಡು ಗುಡಿಸುತ್ತಿದ್ದಳು.

“ಅಕ್ಕ, ನಿಮ್ಮದು ಸರಕಾರಿ ಬಸ್ಸು” ಎಂದು ಅಶ್ಫಾಕ್ ನನ್ನನ್ನು ಕೆಣಕುತ್ತಿದ್ದ. “ಟೈಮಾಗದೆ ಹೊರಡುದಿಲ್ಲ, ಕೈ ಅಡ್ಡ ಹಿಡಿದ್ರೆ ನಿಲ್ಲುದಿಲ್ಲ. ನಮ್ಮದು ಸರ್ವಿಸ್ ಜೀಪು. ಕೈ ತೋರಿಸಿದಲ್ಲಿ ಜನ ಹತ್ತಿಸ್ತದೆ, ಎಲ್ಲಿ ಬೇಕಾದ್ರೂ ಹೋಗ್ತದೆ.”

“ಆದ್ರೆ ನಿನ್ನ ಜೀಪು ಆಕಾಶಕ್ಕೆ ಹೋಗುದು ಬಸ್ಸಿನ ಟಾಪಿನ ಮೇಲೆ ಕೂತು, ನೆನಪಿರಲಿ” ಎನ್ನುತ್ತಿದ್ದೆ ನಾನು.

ಅದು ನಿಜವೂ ಹೌದು. ಸರಕಾರದ ರಾಕೆಟ್ಟು ತನ್ನ ದೊಡ್ಡ ಉಪಗ್ರಹವನ್ನು ಒಯ್ಯುವಾಗ ಉಳಿದ ಜಾಗದಲ್ಲಿ ಇಂಥ ಸಣ್ಣ ಪೆಟ್ಟಿಗೆಗಳಿಗೂ ಅವಕಾಶ ಕೊಡುತ್ತದೆ. ಇವರಿಗೆ ಒಂದು ಜಾಗ ಸಿಕ್ಕಿತ್ತು. ಆ ಸಲ ತಪ್ಪಿದರೆ ಮುಂದಿನದು ಯಾವಾಗಲೋ. ಅಲ್ಲಿಯವರೆಗೆ ಕಂಪೆನಿ ಉಳಿಯುವುದು ಸಂಶಯ. ಪೆಟ್ಟಿಗೆ ಒಪ್ಪಿಸುವ ದಿನ ಹತ್ತಿರ ಬರುತ್ತಿದ್ದಂತೆ, ಕೊನೆಯ ಪರೀಕ್ಷೆಗೆಂದು ಅದನ್ನು ಬೆಂಗಳೂರಿಗೆ ಒಯ್ದರು. ರಾಕೆಟ್ಟು ಏರುವಾಗ ಎಷ್ಟು ನಡುಗುತ್ತದೋ ಅಷ್ಟು ನಡುಗಿಸಿ ನೋಡುವ ಪರೀಕ್ಷೆ ಅದು. ಪಾಸಾಯಿತು ಎಂದು ಫೋನು ಬಂತು.

ಮರುದಿನ ಶೆಡ್ಡಿಗೆ ಹೋದರೆ ಇಬ್ಬರೂ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ಕುಳಿತಿದ್ದರು. ವಾಪಸು ಬರುವಾಗ ಶಿರಾಡಿ ಘಾಟಿಯ ತಿರುವುಗಳಲ್ಲಿ ಪೆಟ್ಟಿಗೆ ಅಶ್ಫಾಕನ ತೊಡೆಯ ಮೇಲಿತ್ತು. ಒಳಗಿನಿಂದ ಅವನಿಗೊಂದು ಸದ್ದು ಕೇಳಿಸಿತ್ತು. ನನ್ನ ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿದ. ಒಂದು ಬದಿಗೆ ಏನೂ ಇಲ್ಲ. ಇನ್ನೊಂದು ಬದಿಗೆ ತಿರುಗಿಸಿದಾಗ, ‘ಟಿಕ್’.

ಪೆಟ್ಟಿಗೆಯನ್ನು ನಾನೇ ಕೈಗೆ ತೆಗೆದುಕೊಂಡು ಇನ್ನೊಮ್ಮೆ ತಿರುಗಿಸಿದೆ. ಮತ್ತೆ ‘ಟಿಕ್’.

“ರಿಪೋರ್ಟಲ್ಲಿ ಪಾಸ್ ಉಂಟು ಮೇಡಂ” ಎಂದಳು ಶ್ರಾವ್ಯ. ನಾನು ಪೆಟ್ಟಿಗೆಯನ್ನು ಅವಳ ಕಿವಿಗೇ ಹಿಡಿದೆ. ಅವಳೇ ತಲೆ ತಗ್ಗಿಸಿದಳು. “ಇಲ್ಲ, ನಾನು ಹಾಗೆ ಹೇಳಬಾರದಿತ್ತು. ಆದ್ರೆ ಈಗ ಬಿಚ್ಚಿದ್ರೆ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಪುನಃ ಮಾಡಿಸುವ ಅಂದ್ರೆ ಅಲ್ಲಿ ಬೇರೆಯವರ ಬುಕಿಂಗು. ಬಿಚ್ಚದಿದ್ರೆ ಒಳಗೆ ಎಂತ ಉಂಟು ಅಂತ ಗೊತ್ತಿಲ್ಲ. ನೀವೇ ಹೇಳಿ, ಎಂತ ಮಾಡುದು?”

‘ನೀವೇ ಹೇಳಿ’ ಎಂಬ ಮಾತನ್ನು ನನ್ನ ಇಡೀ ನೌಕರಿಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಅಲ್ಲಿ ನನ್ನ ‘ಬೇಡ’ದ ಮೇಲೊಂದು ಸಮಿತಿ, ಸಮಿತಿಯ ಮೇಲೊಂದು ಸಮಿತಿ. ನನ್ನ ಪಾಲಿಗೆ ಬರುತ್ತಿದ್ದ ನಿರ್ಧಾರ ಸಾಸಿವೆಯಷ್ಟು. ಈಗ ಎರಡು ಜೋಡಿ ಕಣ್ಣು ನನ್ನ ಬಾಯನ್ನೇ ನೋಡುತ್ತಿದ್ದವು. ನಾನು ಹೊರಗೆ ಹೋಗಿ ಅನಂತರಾಮಯ್ಯನವರಿಗೆ ಫೋನು ಹಚ್ಚಿದೆ. ಎಂಬತ್ತು ದಾಟಿದ ಅವರು ಮೈಸೂರಿನಲ್ಲಿ ಮಗಳ ಜೊತೆಗಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, ಹಳೆಯ ಗತ್ತಿನಲ್ಲೇ, “ನನ್ನನ್ನು ಯಾಕಮ್ಮ ಕೇಳ್ತಿದೀಯ?” ಎಂದರು.

“ಇಲ್ಲಿ ಸಮಿತಿ ಇಲ್ಲ ಸಾರ್.”

ಆ ಕಡೆಯಿಂದ ನಗು ಕೇಳಿಸಿತು. “ಪದ್ಮಾವತಿ, ನಾವು ಸಮಿತಿ ಮಾಡ್ತಿದ್ದದ್ದು ಉತ್ತರ ಹುಡುಕೋಕೆ ಅಂದ್ಕೊಂಡಿದ್ದೀಯ? ಉತ್ತರ ಸಾಮಾನ್ಯವಾಗಿ ಮೊದಲನೇ ದಿನವೇ ಗೊತ್ತಿರ್ತಿತ್ತು. ಒಬ್ಬೊಬ್ಬರಿಗೆ ಇಲ್ಲದ ಧೈರ್ಯಾನ ಒಟ್ಟು ಹಾಕೋಕೆ ಸಮಿತಿ. ನಿನಗೆ ಉತ್ತರ ಗೊತ್ತಿದೆ. ಫೋನಿಡು.”

ಒಳಗೆ ಬಂದು, “ಬಿಚ್ಚುವ” ಎಂದೆ. ಅಶ್ಫಾಕನ ಕೈಯಲ್ಲಿ ಸ್ಕ್ರೂಡ್ರೈವರ್ ಆಗಲೇ ಇತ್ತು.

ಸಿಕ್ಕಿದ್ದು ಜೀರಿಗೆಯಷ್ಟು ದೊಡ್ಡ ಅಲ್ಯೂಮಿನಿಯಂ ಸುರುಳಿ. ತೂತು ಕೊರೆದಾಗ ಅಂಚಿನಲ್ಲಿ ಅಂಟಿಕೊಂಡಿದ್ದು ನಡುಕಕ್ಕೆ ಕಳಚಿ, ಬ್ಯಾಟರಿಯ ತಂತಿಗಳು ಸೇರುವ ಜಾಗದ ಪಕ್ಕದಲ್ಲೇ ಬಿದ್ದಿತ್ತು. ಮೇಲೆ ಹೋದ ಮೇಲೆ ಅದು ಎರಡು ತಂತಿಗಳನ್ನು ಮುಟ್ಟಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಶ್ರಾವ್ಯ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಉಳಿದ ತೂತುಗಳನ್ನೆಲ್ಲ ಭೂತಗಾಜಿನಲ್ಲಿ ನೋಡಿ, ಒರೆಸಿ, ಪೆಟ್ಟಿಗೆ ಮುಚ್ಚಿದೆವು.

ಇನ್ನು ಬಸ್ಸಿನವರನ್ನು ಒಪ್ಪಿಸಬೇಕಿತ್ತು. ಸಣ್ಣ ಪೆಟ್ಟಿಗೆಗಳನ್ನು ಪರಿಶೀಲಿಸಿ ರಾಕೆಟ್ಟಿಗೆ ಹತ್ತಿಸುವ ಅಧಿಕಾರಿ ಯಾರೆಂದು ನೋಡಿದರೆ, ನಾಗೇಶ್! ನನ್ನ ಕೈಕೆಳಗೇ ಕೆಲಸ ಕಲಿತ ಹುಡುಗ. ಸೇರಿದ ಹೊಸದರಲ್ಲಿ ಎಲ್ಲದಕ್ಕೂ ‘ಆಯ್ತು ಮೇಡಂ’ ಎನ್ನುತ್ತಿದ್ದ. ಅವನಿಗೆ ‘ಬೇಡ’ ಎನ್ನಲು ಕಲಿಸುವುದಕ್ಕೆ ನನಗೆ ವರ್ಷಗಳೇ ಹಿಡಿದಿದ್ದವು. ನಿಶ್ಚಿಂತಳಾಗಿ ವಿಡಿಯೋ ಕರೆ ಮಾಡಿ ಎಲ್ಲವನ್ನೂ ಹೇಳಿದೆ. ಅವನು ಕನ್ನಡಕ ಹಣೆಗೇರಿಸಿದ.

“ಬೇಡ ಮೇಡಂ.”

“ನಾಗೇಶ್, ನಾನೇ ನಿಂತು ಮುಚ್ಚಿಸಿದ್ದೇನೆ.”

“ಯಾರು ನಿಂತಿದ್ದರು ಅನ್ನೋದು ಪುರಾವೆ ಅಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು. ಬಿಚ್ಚಿದ್ದನ್ನ ಮತ್ತೆ ನಡುಗಿಸಿ ನೋಡದೆ ನಾನು ತಗೊಳ್ಳೋ ಹಾಗಿಲ್ಲ. ಅದರಿಂದ ಒಂದು ತಿರುಪು ಉದುರಿದರೂ ಪಕ್ಕದ ದೊಡ್ಡ ಉಪಗ್ರಹಕ್ಕೆ ಅಪಾಯ.”

ಆಮೇಲೆ ಅವನು ಕೇಳಿದ ಒಂದೊಂದು ಪ್ರಶ್ನೆಯೂ ನನ್ನದೇ. ನನ್ನ ದನಿಯಲ್ಲೇ ಕೇಳುತ್ತಿದ್ದ, ಪ್ರಶ್ನೆಗಳ ನಡುವೆ ನಾನು ಬಿಡುತ್ತಿದ್ದ ಮೌನವನ್ನೂ ಸೇರಿಸಿ. ನಾನು ಇಷ್ಟು ವರ್ಷ ಎಂಥ ಅಸಹ್ಯ ಹೆಂಗಸಾಗಿದ್ದೆ ಎಂದು ಆವತ್ತು ತಿಳಿಯಿತು. ಪಕ್ಕದಲ್ಲಿ ಅಶ್ಫಾಕ್ ನಗು ತಡೆಯಲು ಕೆಮ್ಮುತ್ತಿದ್ದ.

ಕೊನೆಗೆ ಸೋತು, “ಸರಿಯಪ್ಪ. ಎಂತ ಮಾಡಿದ್ರೆ ನೀನು ಬೇಕು ಅಂತಿ, ಅದನ್ನಾದರೂ ಹೇಳು” ಎಂದೆ.

ಅವನು ತುಸು ಮೆತ್ತಗಾದ. “ಪೂರ್ತಿ ಪರೀಕ್ಷೆ ಬೇಡ. ಸಣ್ಣ ಮಟ್ಟದಲ್ಲಿ ನಡುಗಿಸಿ, ಮೊದಲಿನ ಗ್ರಾಫಿಗೂ ಹೊಸದಕ್ಕೂ ಹೋಲಿಕೆ ತೋರಿಸಿ. ಎರಡೂ ಹೊಂದಿದರೆ ನಾನು ಮಾತಾಡ್ತೀನಿ.”

ನಡುಗಿಸುವುದು ಎಲ್ಲಿ? ಪಿಕಪ್ಪಿನ ಹಿಂದೆ ಕಟ್ಟಿ ಹೊಂಡ ಬಿದ್ದ ರಸ್ತೆಯಲ್ಲಿ ಬೆಟ್ಟಂಪಾಡಿಯವರೆಗೆ ಒಂದು ರೌಂಡು ಹೋಗುವ ಎಂದು ಅಶ್ಫಾಕ್ ಸೂಚಿಸಿದ. ಅವನು ತಮಾಷೆ ಮಾಡುತ್ತಿರಲಿಲ್ಲ. ಸುಳ್ಯದ ಕಡೆಯ ಇಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ನಡುಗುವ ಮೇಜೊಂದು ಇದ್ದದ್ದು ಶ್ರಾವ್ಯಳಿಗೆ ನೆನಪಾಯಿತು. ಅವಳು ಅಲ್ಲೇ ಓದಿದವಳು. ಪ್ರೊಫೆಸರರು ಮೇಜಿನ ಮೇಲಿನ ಬಟ್ಟೆ ತೆಗೆದು, “ಇದನ್ನು ನಾವು ಮುಖ್ಯವಾಗಿ ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ತೋರಿಸ್ಲಿಕ್ಕೆ ಇಟ್ಟದ್ದು” ಎಂದರು. ಆದರೂ ಅದು ಓಡಿತು.

ಪೆಟ್ಟಿಗೆಯನ್ನು ಮೇಜಿಗೆ ಬಿಗಿಯುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ನಾಗೇಶ್. ಪರೀಕ್ಷೆ ಎಂದು, ಎಲ್ಲಿ ಎಂಬುದನ್ನು ಅವನಿಗೆ ಮೊದಲೇ ತಿಳಿಸಿದ್ದೆವು. ಪಂಚೆ, ಶಲ್ಯ, ಹಣೆಯಲ್ಲಿ ಗಂಧ. ಹಿಂದೆ ಪ್ರಸಾದದ ಚೀಲ ಹಿಡಿದ ಅವನ ಹೆಂಡತಿ.

“ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿ ಮಾಡಿಸೋ ಹರಕೆಯಿತ್ತು ಮೇಡಂ” ಎಂದ. “ರಜೆಯಲ್ಲಿದ್ದೀನಿ. ಅಧಿಕೃತವಾಗಿ ನಾನು ಇಲ್ಲಿ ಬಂದಿಲ್ಲ.”

“ಅನಧಿಕೃತವಾಗಿ?”

“ಆ ಸದ್ದು ನಿಜವಾಗಲೂ ಹೋಗಿದೆಯಾ ಅಂತ ನನ್ನ ಕಿವಿಯಲ್ಲೇ ಕೇಳಬೇಕಿತ್ತು.”

“ಈ ಹರಕೆ ಹೋದ ವರ್ಷದ್ದು” ಎಂದಳು ಅವನ ಹೆಂಡತಿ. “ಇಷ್ಟು ದಿನ ರಜಾನೇ ಇರಲಿಲ್ಲ ಇವರಿಗೆ. ನಿಮ್ಮ ಫೋನ್ ಬಂದ ಸಂಜೆ ಇದ್ದಕ್ಕಿದ್ದ ಹಾಗೆ ದೇವರು ನೆನಪಾದ.”

ನಡುಗಿಸಿದ ಮೇಲೆ ನಾಗೇಶ್ ಕೈಗವಸು ತೊಟ್ಟು ಪೆಟ್ಟಿಗೆಯನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಎಲ್ಲ ಬದಿಗೂ ತಿರುಗಿಸಿದ. ಆಮೇಲೆ ಎರಡು ಗ್ರಾಫುಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದ. ಗೆರೆ ಗೆರೆಗೆ ಕೂಡಿತ್ತು. “ನೋಡೋಣ” ಎಂದ. ನನಗೆ ಜೀವ ಬಂತು. ಶ್ರಾವ್ಯಳಿಗೆ ಅದರ ಅರ್ಥವಾಗದೆ ಅಳು ಬಂತು.

ನಾಗೇಶ್ ರಜೆ ಮುಗಿಸಿ ಹೋದ ದಿನವೇ ಮಧ್ಯಾಹ್ನ ಸಮಿತಿ ಕೂತಿತು, ಸಂಜೆಯೊಳಗೆ ಒಪ್ಪಿಗೆ ಬಂತು. ನಾನಿದ್ದ ಕಾಲದಲ್ಲಿ ಒಂದು ಮಧ್ಯಾಹ್ನದಲ್ಲಿ ಸಮಿತಿಗೆ ಬರುವವರ ಬಿಸ್ಕತ್ತು ಕೂಡ ಮಂಜೂರಾಗುತ್ತಿರಲಿಲ್ಲ. ಸರಕಾರವೂ ಬದಲಾಗಿದೆ ಎಂದುಕೊಂಡೆ. ಶ್ರಾವ್ಯ ಕೂಡ ಆಮೇಲೆ, ತೂತುಗಳನ್ನೆಲ್ಲ ಕೊರೆದವರನ್ನು ಬಿಟ್ಟು ಇಬ್ಬರು ಬೇರೆ ಬೇರೆಯಾಗಿ ನೋಡಬೇಕೆಂದು ನಿಯಮ ಮಾಡಿದಳು. ಇರುವುದೇ ಇಬ್ಬರಾದ್ದರಿಂದ ಮೂರನೆಯವರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕಾಯಿತು.

ಉಡಾವಣೆಯ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ದೊಡ್ಡ ಪರದೆ ಹಾಕಿದ್ದರು. ಶ್ರಾವ್ಯಳ ಅಪ್ಪ ಕಡಬದಿಂದ ಅಂಗಡಿ ಮುಚ್ಚಿ ಬಂದಿದ್ದರು. ಅಶ್ಫಾಕನ ಉಮ್ಮ ಉಪ್ಪಿನಂಗಡಿಯಿಂದ ಎಲ್ಲರಿಗೂ ಅಕ್ಕಿರೊಟ್ಟಿಯಂಥ ಪತ್ತಿರಿ ಮಾಡಿ ತಂದಿದ್ದರು. ರಾಕೆಟ್ಟು ಸರಿಯಾಗಿ ಏರಿತು. ಪೆಟ್ಟಿಗೆ ಬಿಡುಗಡೆಯಾಯಿತು ಎಂದು ನಾಗೇಶ್ ಸಂದೇಶ ಕಳುಹಿಸಿದ. ಇನ್ನು ಅದು ನಮ್ಮ ತಲೆಯ ಮೇಲೆ ಹಾದುಹೋಗುವಾಗ ಶೆಡ್ಡಿನ ಮಾಡಿನ ಮೇಲಿನ ಆಂಟೆನಾಕ್ಕೆ ಅದರ ದನಿ ಕೇಳಬೇಕು.

ಮೊದಲ ಸಲ ಹಾದುಹೋಯಿತು. ಕೇಳಿಸಿದ್ದು ಬರೀ ‘ಸೊಂಯ್’ ಎಂಬ ಗಾಳಿಯ ಸದ್ದು. ಶ್ರಾವ್ಯ ಸಿಮೆಂಟು ನೆಲದ ಮೇಲೆ ಕುಳಿತುಬಿಟ್ಟಳು. ಯಾರೂ ಪತ್ತಿರಿ ಮುಟ್ಟಲಿಲ್ಲ. ಅವಳ ಅಪ್ಪ ಮಾತ್ರ ಎದ್ದು ಹೋಗಿ ಆಂಟೆನಾದಿಂದ ಬಂದ ಕೇಬಲ್ಲಿನ ಒಂದೊಂದು ಜೋಡಣೆಯನ್ನೂ ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಸಿಕ್ಕಿಸಿದರು. ಅದರಿಂದ ಏನಾದರೂ ಆಯಿತೋ ಇಲ್ಲವೋ ನಾನು ಹೇಳಲಾರೆ. ಅವರು ಕೇಳಿದರೆ ಆಯಿತೆಂದೇ ಹೇಳುತ್ತಾರೆ.

ಭೂಮಿಗೆ ಒಂದು ಸುತ್ತು ಬಂದು ಅದು ಮತ್ತೆ ನಮ್ಮತ್ತ ಏರಿತು. ಗಾಳಿಯ ಸದ್ದಿನ ನಡುವೆ ಮೊದಲು ತೀರಾ ಸಣ್ಣದಾಗಿ, ಆಮೇಲೆ ಸ್ಪಷ್ಟವಾಗಿ, ಹಕ್ಕಿಮರಿ ಕರೆದ ಹಾಗೆ: ‘ಚೀಂಕ್... ಚೀಂಕ್.’ ಪರದೆಯ ಮೇಲೆ ಅಕ್ಷರಗಳು ಮೂಡಿದವು. ಬ್ಯಾಟರಿ ಸರಿಯಿದೆ. ಕ್ಯಾಮೆರಾ ಎಚ್ಚರವಿದೆ. ಅಶ್ಫಾಕ್ ಕೂಗಿಕೊಂಡು ಹೊರಗೆ ಓಡಿದ. ಶ್ರಾವ್ಯ ಅಪ್ಪನನ್ನು ತಬ್ಬಿಕೊಂಡಳು.

ನಾನು ಕುರ್ಚಿಯಿಂದ ಏಳಲಿಲ್ಲ. ಸಂಸ್ಥೆಯಲ್ಲಿ ನನ್ನ ಕೆಲಸ ಪೆಟ್ಟಿಗೆಗೆ ಮೊಹರು ಹಾಕುವಲ್ಲಿಗೆ ಮುಗಿಯುತ್ತಿತ್ತು. ಲಾರಿ ಗೇಟು ದಾಟಿದ ಮೇಲೆ ಅದು ಬೇರೆ ವಿಭಾಗದ್ದು, ಉಪಗ್ರಹದ ದನಿ ಕೇಳುವ ಕೋಣೆಗೆ ನಮಗೆ ಪಾಸು ಇರಲಿಲ್ಲ. ಅಷ್ಟೊಂದು ಉಪಗ್ರಹಗಳನ್ನು ಮುಟ್ಟಿ, ತಟ್ಟಿ, ಗದರಿಸಿ ಕಳುಹಿಸಿಕೊಟ್ಟವಳು ನಾನು. ಅವುಗಳಲ್ಲಿ ಒಂದಾದರೂ ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು.

“ಅಕ್ಕ, ಕೇಳ್ತಾ ಉಂಟಾ?” ಎಂದು ಅಶ್ಫಾಕ್ ಬಾಗಿಲಿನಿಂದ ಕೂಗಿದ.

ಕೈಯೆತ್ತಿ ಅವನನ್ನು ಸುಮ್ಮನಿರಿಸಿದೆ. ಅದು ಇನ್ನೂ ಹೇಳುತ್ತಿತ್ತು.